ಹದಿಹರೆಯದ ತಳಮಳಕ್ಕೆ ಚಿತ್ರ ದಿನಚರಿ

ದಿನಚರಿ ಬರೆಯುವ ಹವ್ಯಾಸ ಹಳೆಯದು. ಅದರ ಪುಟಗಳಲ್ಲಿ ಅಕ್ಷರಗಳ ಜೊತೆಗೆ ಬಣ್ಣ, ಗೆರೆ, ಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಹಳೆಯ ಬಸ್ ಟಿಕೆಟ್, ಒಣಗಿದ ಎಲೆ ಇವೆಲ್ಲವೂ ಸೇರಿಕೊಂಡರೆ ಅದು ಚಿತ್ರ ದಿನಚರಿ. ಇಂಗ್ಲಿಷ್ ಬಲ್ಲವರು ಇದನ್ನು ಆರ್ಟ್ ಜರ್ನಲ್ ಎನ್ನುತ್ತಾರೆ. ಚಿತ್ರಕಲಾ ತರಗತಿಯ ಪುಸ್ತಕಕ್ಕೂ ಇದಕ್ಕೂ ಮುಖ್ಯವಾದ ಅಂತರವೊಂದಿದೆ. ಇಲ್ಲಿ ಚಿತ್ರ ಚೆನ್ನಾಗಿರಬೇಕಿಲ್ಲ. ಅಂದಿನ ಮನಃಸ್ಥಿತಿ ಕಾಗದದ ಮೇಲೆ ಇಳಿದರೆ ಸಾಕು.

ಭಾವನೆಗಳನ್ನು ಕೆರಳಿಸುವ ಮೆದುಳಿನ ಭಾಗಗಳು ಹದಿಹರೆಯದಲ್ಲೇ ಚುರುಕಾಗಿರುತ್ತವೆ. ಅವುಗಳಿಗೆ ಕಡಿವಾಣ ಹಾಕುವ ಮುಂಭಾಗವಾದರೋ ಇಪ್ಪತ್ತರ ನಡುವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳ ಒತ್ತಡ ಬಂದೆರಗುವುದೂ ಇದೇ ಅವಧಿಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಅಸ್ವಸ್ಥತೆ ಇತ್ತು. ಕಾಯಿಲೆ ಎಂದು ಕರೆಯಲಾಗದಿದ್ದರೂ ಒಳಗೊಳಗೇ ಕುದಿಯುವ ಮಕ್ಕಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಏನಾಯಿತೆಂದು ಕೇಳಿದರೆ ‘ಏನಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುವ ವಯಸ್ಸಿನವರಿಗೆ, ಮಾತಿಗಿಂತ ಬಣ್ಣ ಸುಲಭವಾಗಬಹುದು.

‘ಕಲಾ ಚಿಕಿತ್ಸೆ’ ಎಂಬ ಅರ್ಥದ ಪದವನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್. ಕ್ಷಯ ಚಿಕಿತ್ಸಾಲಯದಲ್ಲಿ ಹಾಸಿಗೆ ಹಿಡಿದಿದ್ದಾಗ ಚಿತ್ರ ಬಿಡಿಸುತ್ತಾ ಅದರ ಉಪಯೋಗವನ್ನು ಅವರು ಸ್ವತಃ ಕಂಡುಕೊಂಡಿದ್ದರು. ಅದಕ್ಕೂ ಮೊದಲೇ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ತಮ್ಮ ಮನದೊಳಗಿನ ದೃಶ್ಯಗಳನ್ನು ಕೆಂಪು ಹೊದಿಕೆಯ ದೊಡ್ಡ ಪುಸ್ತಕವೊಂದರಲ್ಲಿ ಬರೆದು, ಬಣ್ಣ ತುಂಬಿದ್ದರು. ಅವರು ತೀರಿಕೊಂಡು ಸುಮಾರು ಅರ್ಧ ಶತಮಾನದ ನಂತರ, 2009ರಲ್ಲಿ ಅದು ಪ್ರಕಟವಾಯಿತು.

ಇದರ ಪರಿಣಾಮ ಕುರಿತ ಸಂಶೋಧನೆಗಳು ಸಣ್ಣ ಪ್ರಮಾಣದವು, ಆದರೂ ಗಮನಾರ್ಹ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ವಯಸ್ಕರು 45 ನಿಮಿಷ ಚಿತ್ರ, ಜೇಡಿಮಣ್ಣು, ಕೊಲಾಜ್‌ಗಳಲ್ಲಿ ತೊಡಗಿದ್ದರು. ಅವರಲ್ಲಿ ಸುಮಾರು ಶೇ 75 ಮಂದಿಯ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಪ್ರಮಾಣ ಇಳಿದಿತ್ತು. ಕಲೆಯ ಪೂರ್ವಾನುಭವ ಇದ್ದವರು, ಇಲ್ಲದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಉಳಿದವರಲ್ಲಿ ಅದು ಇಳಿಯಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

84 ಕಾಲೇಜು ವಿದ್ಯಾರ್ಥಿಗಳನ್ನು ಕುರಿತ 2005ರ ಇನ್ನೊಂದು ಅಧ್ಯಯನ ಬೇರೊಂದು ಸಂಗತಿಯನ್ನು ಹೇಳುತ್ತದೆ. ಖಾಲಿ ಹಾಳೆಯಲ್ಲಿ ಮನಬಂದಂತೆ ಬಣ್ಣ ಹಚ್ಚಿದವರಿಗಿಂತ, ಮಂಡಲ ಅಥವಾ ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ ಹೆಚ್ಚು ತಗ್ಗಿತ್ತು. ತೀರಾ ಕಂಗೆಟ್ಟ ಮನಸ್ಸಿಗೆ ಖಾಲಿ ಹಾಳೆಯೂ ಒಂದು ಪರೀಕ್ಷೆಯೇ ಇರಬೇಕು. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯನ್ನು ಆ ಅಧ್ಯಯನದಲ್ಲಿ ಯಾರೂ ಪರೀಕ್ಷಿಸಲಿಲ್ಲ. ಆದರೆ ಚುಕ್ಕಿಯಿಟ್ಟು ಗೆರೆ ಸುತ್ತಿಸುವ ಆ ಕ್ರಮವನ್ನು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ತರಲು ಅಡ್ಡಿಯೇನಿಲ್ಲ.

ದುಬಾರಿ ಸಾಮಗ್ರಿ ಬೇಕಿಲ್ಲ. ಗೆರೆಯಿಲ್ಲದ ನೋಟ್‌ಬುಕ್, ಕ್ರೆಯಾನ್ ಇಲ್ಲವೇ ಸ್ಕೆಚ್ ಪೆನ್, ಕತ್ತರಿ, ಅಂಟು, ಹಳೆಯ ಪತ್ರಿಕೆ ಇದ್ದರಾಯಿತು. ಸಿಟ್ಟು ಬಂದ ದಿನ ಕಾಗದ ಹರಿಯುವಷ್ಟು ಒತ್ತಿ ಗೀಚಿ, ಅದರ ಮೇಲೆಯೇ ಬೇರೆ ಬಣ್ಣ ಬಳಿಯಬಹುದು. ದೇಹದ ರೇಖಾಚಿತ್ರ ಬರೆದು, ಭಯ ಎಲ್ಲಿ ಕುಳಿತಿದೆ, ಹೊಟ್ಟೆಯಲ್ಲೋ ಗಂಟಲಲ್ಲೋ ಎಂದು ಗುರುತಿಸಬಹುದು. ಪುಟದ ಮೂಲೆಯಲ್ಲಿ ಆ ಭಾವನೆಯ ಹೆಸರನ್ನು ಬರೆಯುವುದು ಒಳ್ಳೆಯದು. ಭಾವನೆಗೆ ಹೆಸರಿಟ್ಟಾಗ ಮೆದುಳಿನಲ್ಲಿ ಭಯವನ್ನು ಎಚ್ಚರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುವುದನ್ನು ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ತೋರಿಸಿತ್ತು.

ಎಲ್ಲಕ್ಕಿಂತ ಕಷ್ಟದ ಪಾಲು ಹೆತ್ತವರದು. ಈ ಪುಸ್ತಕವನ್ನು ಮಕ್ಕಳು ತಾವಾಗಿ ತೋರಿಸದ ಹೊರತು ತೆರೆಯಕೂಡದು. ಕದ್ದು ಓದಿದ್ದು ಒಮ್ಮೆ ಗೊತ್ತಾದರೆ ಮುಂದಿನ ಪುಟಗಳಲ್ಲಿ ಹೂವು, ಸೂರ್ಯೋದಯಗಳಷ್ಟೇ ಉಳಿದಾವು. ತೋರಿಸಿದಾಗಲೂ ‘ಚೆನ್ನಾಗಿದೆ’ ಎಂಬ ಪ್ರಶಂಸೆಗಿಂತ ‘ಇದರ ಬಗ್ಗೆ ಹೇಳುತ್ತೀಯಾ?’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಶಾಲೆಗಳು ಇದಕ್ಕೆ ಅಂಕ ಕೊಡಲು ಹೊರಟರೆ ಉದ್ದೇಶವೇ ಕೆಟ್ಟಂತೆ.

ನೋವಿನ ವಿಷಯವನ್ನು ಹೊರಹಾಕಿದ ತಕ್ಷಣ ಹಗುರವಾಗುತ್ತದೆಂಬ ಖಾತರಿಯೂ ಇಲ್ಲ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ದಿನ ತಲಾ 15 ನಿಮಿಷ ತಮ್ಮ ಆಘಾತಗಳ ಬಗ್ಗೆ ಬರೆದ ವಿದ್ಯಾರ್ಥಿಗಳು ಬರೆದಾದ ಮೇಲೆ ಮೊದಲಿಗಿಂತ ಕುಗ್ಗಿದ್ದರು. ಘಟನೆಯ ಜೊತೆಗೆ ತಮ್ಮ ಭಾವನೆಗಳನ್ನೂ ಬರೆದವರು ವೈದ್ಯರ ಬಳಿ ಹೋಗುವುದು ಕಡಿಮೆಯಾದದ್ದು ನಂತರದ ತಿಂಗಳುಗಳಲ್ಲಿ. ಆದ್ದರಿಂದ ಕಾಲು ಗಂಟೆಗೆ ನಿಲ್ಲಿಸಿ, ಬಳಿಕ ಸ್ವಲ್ಪ ನಡೆದಾಡುವುದು ಸೂಕ್ತ.

ಚಿತ್ರ ದಿನಚರಿ ಚಿಕಿತ್ಸೆಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆ, ಊಟ ಬಿಡುವುದು, ಗೆಳೆಯರಿಂದ ದೂರವಾಗುವುದು, ಸಾವಿನ ಮಾತು, ತನ್ನನ್ನೇ ಗಾಯಗೊಳಿಸಿಕೊಳ್ಳುವುದು ಕಂಡುಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.