ಕೋಣೆಯ ಸಂಗೀತ, ಹಸಿದವರ ಧನ್ಯತೆ



ನವೆಂಬರ್ 22 ಸಂತ ಸಿಸಿಲಿಯಮ್ಮನವರ ಹಬ್ಬ. ರೋಮಾಪುರಿಯ ಈ ರಕ್ತಸಾಕ್ಷಿಯನ್ನು ಗಾಯಕರೂ ವಾದ್ಯಗಾರರೂ ತಮ್ಮ ಪಾಲಕಿಯೆಂದು ಗೌರವಿಸುತ್ತಾರೆ. ಚಿತ್ರಪಟಗಳಲ್ಲಿ ಅವರ ಬಳಿ ಆರ್ಗನ್ ಅಥವಾ ಪಿಟೀಲು ಇರುತ್ತದೆ. ಆದರೆ ಪರಂಪರೆ ಹೇಳುವ ಕಥೆ ಬೇರೆ. ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಸಿಸಿಲಿಯಮ್ಮನವರು ಬಾಯಿ ತೆರೆಯದೆ, ಹೃದಯದೊಳಗೇ ದೇವರಿಗೆ ಹಾಡಿದರಂತೆ. ಸಂಗೀತದ ಪಾಲಕಿಯ ಹಾಡನ್ನು ಕೇಳಿದವರು ದೇವರೊಬ್ಬರೇ!

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇಂದು ಒಂದು ಚಿಕ್ಕ ಸಂಗೀತದ ಚರಿತ್ರೆಯನ್ನು ಧ್ಯಾನಿಸೋಣ. ಪಾಶ್ಚಾತ್ಯರು ಅದನ್ನು ‘ಛೇಂಬರ್ ಮ್ಯೂಸಿಕ್’ ಎನ್ನುತ್ತಾರೆ. ಕೋಣೆಯ ಸಂಗೀತ ಎಂದು ಅದರರ್ಥ. ನಮ್ಮ ಮನೆ ಕಛೇರಿಯಂತೆ ಅದು. ಒಂದು ಪಿಟೀಲು, ಒಂದು ಚೆಲ್ಲೋ, ಒಂದು ಪಿಯಾನೋ. ಮೂವರು ವಾದಕರು, ಇಪ್ಪತ್ತು ಮೂವತ್ತು ಜನ ಕೇಳುಗರು. ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಣ್ಣ. ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಗಂಭೀರ ದನಿಯ ವಾದ್ಯ. ಕೋಲು ಹಿಡಿದು ನಿರ್ದೇಶಿಸುವವರು ಇಲ್ಲಿ ಯಾರೂ ಇರುವುದಿಲ್ಲ. ಒಬ್ಬರ ಉಸಿರನ್ನು ಇನ್ನೊಬ್ಬರು ಗಮನಿಸಬೇಕು, ಒಬ್ಬರು ಹಾಡುವಾಗ ಉಳಿದವರು ತಗ್ಗಬೇಕು. ಕೇಳಿಸಿಕೊಳ್ಳಲು ಬಾರದವನು ಇಲ್ಲಿ ನುಡಿಸಲಾರ.

ಮಳವಳ್ಳಿ ತಾಲ್ಲೂಕಿನ ನಮ್ಮ ಬಂಡೂರಿಗೂ ಈ ಸಂಗೀತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಂಡೂರು ಎಂದ ಕೂಡಲೇ ನಾಡಿಗೆಲ್ಲ ನೆನಪಾಗುವುದು ಕುರಿ. ಗಿಡ್ಡ ಕಾಲು, ತುಂಬಿದ ಮೈಯ ಬಂಡೂರು ಕುರಿಯ ಹೆಸರು ಮಂಡ್ಯ ಜಿಲ್ಲೆಯ ಗಡಿ ದಾಟಿ ಎಷ್ಟೋ ಕಾಲವಾಯಿತು. ಈಗ ಇದನ್ನು ಗಮನಿಸಿ: ಉಕ್ಕು, ನೈಲಾನ್ ತಂತಿಗಳು ಬರುವ ಮುಂಚೆ ಪಿಟೀಲಿಗೂ ಚೆಲ್ಲೋಗೂ ಬಿಗಿಯುತ್ತಿದ್ದದ್ದು ಕುರಿಯ ಕರುಳನ್ನು ಹದಮಾಡಿ ಹುರಿಗೊಳಿಸಿದ ತಂತಿ. ಇಂದಿಗೂ ಹಳೆಯ ನಾದವನ್ನು ಬಯಸುವವರು ಅದನ್ನೇ ಬಳಸುತ್ತಾರೆ. ಪಿಯಾನೋದೊಳಗೆ ತಂತಿಯನ್ನು ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಹೊದಿಸುವುದು ಕುರಿಯ ಉಣ್ಣೆಯಿಂದ ಮಾಡಿದ ದಪ್ಪ ನಮದೆಯನ್ನು. ಆ ಹೊದಿಕೆ ಇಲ್ಲದಿದ್ದರೆ ಪಿಯಾನೋ ಕಿವಿಗೆ ಕಬ್ಬಿಣದಂತೆ ಕೇಳಿಸೀತು. ಅರಮನೆಯ ಸಂಗೀತಕ್ಕೂ ಕುರಿಗಾಹಿಯ ಕುರಿಯೇ ಆಧಾರ. ಒಂದು ಜೀವ ತನ್ನನ್ನು ಕೊಟ್ಟ ಮೇಲೆಯೇ ಮತ್ತೊಬ್ಬರಿಗೆ ಹಾಡು. ದೇವರ ಕುರಿಮರಿಯನ್ನು ಆರಾಧಿಸುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಪಿಟೀಲು, ಚೆಲ್ಲೋ, ಪಿಯಾನೋ ಮೂರರ ಕೂಟಕ್ಕೆ ಅತ್ಯಂತ ಪ್ರಸಿದ್ಧವಾದ ಕೃತಿಗಳಲ್ಲೊಂದು ಬೀಥೋವನ್ ಅವರ ‘ಆರ್ಚ್‌ಡ್ಯೂಕ್’ ತ್ರಯ. ಅವರು ಅದನ್ನು ರಚಿಸಿದ್ದು 1811ರಲ್ಲಿ. 1814ರ ಏಪ್ರಿಲ್ 11ರಂದು ವಿಯೆನ್ನಾದಲ್ಲಿ ಅದು ಮೊದಲ ಬಾರಿ ಸಾರ್ವಜನಿಕವಾಗಿ ನಡೆದಾಗ ಪಿಯಾನೋ ಮುಂದೆ ಕುಳಿತಿದ್ದವರು ಕಿವಿ ಬಹುತೇಕ ಕೇಳದಾಗಿದ್ದ ಬೀಥೋವನ್ನರೇ. ಕೃತಿಯನ್ನು ಅರ್ಪಿಸಿದ್ದು ಅವರ ಶಿಷ್ಯ ರುಡಾಲ್ಫ್‌ರಿಗೆ. ಆಸ್ಟ್ರಿಯಾದ ಈ ರಾಜಕುಮಾರರು 1819ರಲ್ಲಿ ನಮ್ಮ ಧರ್ಮಸಭೆಯ ಕಾರ್ಡಿನಲ್ ಆದರು, ಓಲ್ಮುಟ್ಸ್ ನಗರದ ಮಹಾಧರ್ಮಾಧ್ಯಕ್ಷರಾದರು. ಅದಕ್ಕೂ ಮುಂಚೆ, 1809ರಲ್ಲಿ, ಅವರು ಇನ್ನಿಬ್ಬರು ಪ್ರಭುಗಳೊಡನೆ ಸೇರಿ ಬೀಥೋವನ್ನರಿಗೆ ವರ್ಷಕ್ಕೆ 4,000 ಫ್ಲೋರಿನ್ ವೇತನ ಗೊತ್ತುಮಾಡಿದ್ದರು. ಅದಕ್ಕಿದ್ದ ಷರತ್ತು, ಅವರು ಆಸ್ಟ್ರಿಯಾ ನಾಡನ್ನು ಬಿಟ್ಟು ಹೋಗಬಾರದು ಎಂಬುದೇ.

ಇಂಥದ್ದೇ ಒಂದು ಕಥೆ ನಮ್ಮ ಮೈಸೂರಿನದು. ಶ್ರೀ ಜಯಚಾಮರಾಜ ಒಡೆಯರ್ (1919–1974) ಅವರನ್ನು ನಾವು ಕೊನೆಯ ಮಹಾರಾಜರೆಂದು, ರಾಜ್ಯಪಾಲರೆಂದು, 94 ಕರ್ನಾಟಕ ಸಂಗೀತ ಕೃತಿಗಳ ಕರ್ತೃವೆಂದು ಬಲ್ಲೆವು. ಅವರು ಒಳ್ಳೆಯ ಪಿಯಾನೋ ವಾದಕರೂ ಆಗಿದ್ದರು. ಕಛೇರಿ ವಾದಕರಾಗಬೇಕೆಂಬುದು ಅವರ ಯೌವನದ ಆಸೆ. ಆದರೆ 1940ರಲ್ಲಿ ಮೊದಲು ತಂದೆಯವರು, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದರ ಯುವಕನ ಮೇಲೆ ಸಿಂಹಾಸನದ ಭಾರ ಬಿತ್ತು. ಪಿಯಾನೋ ಮಾತ್ರ ಬಿಡಲಿಲ್ಲ. 1945ರಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಅವರ ತಂಗಿ ರಾಜಕುಮಾರಿ ವಿಜಯಾದೇವಿ (1922–2005) ಅವರು ಪಿಯಾನೋ ಕಲಿತದ್ದು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಧರ್ಮಭಗಿನಿಯರಲ್ಲಿ. ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದವರು ಇವರೇ.

ಮಹಾರಾಜರು ಧ್ವನಿಮುದ್ರಿಕೆಗಳ ಮೂಲಕ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರನ್ನು ಮೆಚ್ಚಿಕೊಂಡರು. ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಕ್ರಾಂತಿಯ ನಂತರ 1921ರಲ್ಲಿ ತಾಯ್ನಾಡು ಬಿಟ್ಟು, ಅಲೆದಲೆದು, 1935ರಲ್ಲಿ ಲಂಡನ್ ಸೇರಿದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಜಗತ್ತು ಅವರನ್ನು ಮರೆಯುತ್ತಿದ್ದ ಆ ಹೊತ್ತಿನಲ್ಲಿ ಕಂಡೂ ಕೇಳರಿಯದ ಮೈಸೂರಿನಿಂದ ನೆರವು ಬಂತು. ಮಹಾರಾಜರ ಹಣದಿಂದ 1940ರ ದಶಕದ ಕೊನೆಗೆ ‘ಮೆಟ್ನರ್ ಸೊಸೈಟಿ’ ರೂಪುಗೊಂಡಿತು, ಎಚ್.ಎಂ.ವಿ. ಕಂಪನಿ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸಿಕೊಂಡಿತು. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಮಹಾರಾಜರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ನೆನೆಯುವಂತೆ, ಮೂರು ವರ್ಷ, ವರ್ಷಕ್ಕೆ 10,000 ಪೌಂಡುಗಳ ನೆರವನ್ನು ಒಪ್ಪಿಕೊಂಡರು.

ಇಲ್ಲಿ ನಾವು ಸುಮ್ಮನೆ ಮುಂದೆ ಹೋಗುವಂತಿಲ್ಲ. ಅದು ಯುದ್ಧದ ಕಾಲ, ಯುದ್ಧದ ಮರುಕಾಲ. ಧಾನ್ಯಕ್ಕೆ ಪಡಿತರ. ಬೆಳೆದ ರೈತನಿಗೇ ಅಳತೆಯ ಅನ್ನ. ಮದ್ದೂರಿನ ಶಿವಪುರದಲ್ಲಿ 1938ರಲ್ಲೇ ಜನ ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಹಾರಿಸಿ, ನಮ್ಮ ನಾಡಿನ ಆಡಳಿತದಲ್ಲಿ ನಮಗೂ ಮಾತಿರಲಿ ಎಂದು ಕೇಳಿದ್ದರು. 1947ರಲ್ಲಿ ‘ಮೈಸೂರು ಚಲೋ’ ನಡೆದ ಮೇಲೆ ಜವಾಬ್ದಾರಿ ಸರ್ಕಾರ ಬಂತು. ಹೀಗಿರುವಾಗ ದೂರದ ಲಂಡನ್ನಿನ ಪಿಯಾನೋಗೆ ಹಣ ಕೊಡುವುದು ಸರಿಯೇ? “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ” ಎಂದು ನಮ್ಮ ಜನ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅರಸನ ಕಾಣಿಕೆಯಲ್ಲಿ ನೇಗಿಲು ಹಿಡಿದವನ ಬೆವರೂ ಸೇರಿರುತ್ತದೆ. ಆ ಪ್ರಶ್ನೆಯನ್ನು ಸಂಗೀತದ ಸವಿಯಿಂದ ಮುಚ್ಚಿಬಿಡುವುದು ತರವಲ್ಲ.

ಆಶ್ಚರ್ಯವೆಂದರೆ, ಆ ಪ್ರಶ್ನೆ ಆ ಸಂಗೀತದೊಳಗೇ ಇದೆ! ಮೆಟ್ನರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೊಡಗಿ, ಬದುಕಿನುದ್ದಕ್ಕೂ ತಿದ್ದುತ್ತಾ, ಕೊನೆಯ ವರ್ಷಗಳಲ್ಲಷ್ಟೇ ಮುಗಿಸಿದ ಒಂದು ಕೋಣೆಯ ಸಂಗೀತವುಂಟು: ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ, ಒಂದು ಪಿಯಾನೋಗಳ ಪಂಚಕ. ಲೂಥರನ್ ಮನೆತನದಲ್ಲಿ ಹುಟ್ಟಿ ಮುಂದೆ ಆರ್ಥಡಾಕ್ಸ್ ಸಭೆಯನ್ನು ಸೇರಿದ ಆ ಭಕ್ತರು ಅದನ್ನು ತಮ್ಮ ಜೀವನದ ಸಾರವೆಂದು ಎಣಿಸಿದ್ದರು. ಅದರ ಮೊದಲ ಭಾಗದ ಒಂದು ರಾಗದ ಹಿಂದಿರುವುದು ಸಂತ ಲೂಕರ ಶುಭಸಂದೇಶದ ಆರನೆಯ ಅಧ್ಯಾಯದ 21ನೇ ವಚನ. ಈಗ ಹಸಿದಿರುವವರನ್ನು ಪ್ರಭು ಧನ್ಯರೆಂದು ಕರೆದು, ತೃಪ್ತಿಯ ವಾಗ್ದಾನ ಮಾಡುವ ಮಾತು. ಎರಡನೆಯ ಭಾಗದ ಹಿಂದಿರುವುದು ತನ್ನ ಪಾಪ ದೊಡ್ಡದೆಂದು ಒಪ್ಪಿ ಕ್ಷಮೆ ಬೇಡುವ 25ನೇ ಕೀರ್ತನೆ. ಈ ಮಾತುಗಳನ್ನು ಯಾರೂ ಬಾಯಿಬಿಟ್ಟು ಹಾಡುವುದಿಲ್ಲ. ಐದು ವಾದ್ಯಗಳು ಅವನ್ನು ಮೌನವಾಗಿ ಹೊತ್ತು ಸಾಗುತ್ತವೆ, ಸಿಸಿಲಿಯಮ್ಮನವರ ಹಾಡಿನಂತೆ. ಮೆಟ್ನರ್ ಸ್ವತಃ ಪಿಯಾನೋ ನುಡಿಸಿ ಇದನ್ನು ಧ್ವನಿಮುದ್ರಿಸಿದರು. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅರಸರು ಪೋಷಿಸಿದ ಸಂಗೀತಗಾರ ಹಸಿದವರನ್ನು ಮರೆಯಲಿಲ್ಲ. ಅವರನ್ನೇ ಧನ್ಯರೆಂದು ಹಾಡಿಸಿದ. ಇದರಿಂದ ಅರಸರ ಲೆಕ್ಕ ಚುಕ್ತಾ ಆಯಿತೆಂದು ನಾವು ಹೇಳುವುದಿಲ್ಲ. ಆದರೆ ಇಷ್ಟು ನಿಜ: ಹಸಿವು ಎರಡು ಬಗೆಯದು. ಹಿಟ್ಟಿನ ಹಸಿವನ್ನು ಹಾಡು ನೀಗಿಸದು. ಮನೆ ಬಿಟ್ಟು, ಮರೆಯಲ್ಪಟ್ಟು, ಒಂಟಿಯಾದವನ ಹಸಿವನ್ನು ಹಿಟ್ಟೊಂದೇ ನೀಗಿಸದು. ಎರಡಕ್ಕೂ ಬಡಿಸುವ ಕೈ ಬೇಕು.

ಇನ್ನೊಂದು ಸಂಗತಿ. 1903ರ ನವೆಂಬರ್ 22ರಂದು, ಸಿಸಿಲಿಯಮ್ಮನವರ ಹಬ್ಬದ ದಿನವೇ, ಜಗದ್ಗುರು ಸಂತ ಹತ್ತನೇ ಪಿಯುಸ್ ಅವರು ಪವಿತ್ರ ಸಂಗೀತದ ಬಗ್ಗೆ ಆಜ್ಞಾಪತ್ರ ಹೊರಡಿಸಿ, ದೇವಾಲಯದಲ್ಲಿ ಪಿಯಾನೋ ಬಳಸಬಾರದೆಂದರು. ನಾಟಕಶಾಲೆಯ ಆಡಂಬರ ಬಲಿಪೂಜೆಯನ್ನು ನುಂಗಬಾರದೆಂಬುದು ಅವರ ಕಳಕಳಿ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ವಾದ್ಯ ಯಾವುದೆಂಬುದಕ್ಕಿಂತ, ಅದು ಪ್ರಾರ್ಥನೆಗೆ ತಗ್ಗುತ್ತದೆಯೇ ಎಂಬುದು ಮುಖ್ಯವಾಯಿತು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967) ಯೂರೋಪಿನ ಪಿಟೀಲಿಗೆ ಏಳು ತಂತಿ ಬಿಗಿದು ನಮ್ಮ ರಾಗಗಳ ದನಿಯಾಗಿಸಲಿಲ್ಲವೇ? ಯಾವ ವಾದ್ಯವೂ ಪರಕೀಯವಲ್ಲ.

ನಮ್ಮ ಧರ್ಮಕೇಂದ್ರಗಳ ಗಾಯನ ವೃಂದಗಳಿಗೆ ಈ ಹಬ್ಬದಲ್ಲಿ ನಮ್ಮ ಕೋರಿಕೆ ಇಷ್ಟೇ. ಧ್ವನಿವರ್ಧಕದ ಸದ್ದನ್ನು ಕೊಂಚ ಇಳಿಸಿ, ಪಕ್ಕದವರ ದನಿಯನ್ನು ಕೇಳಿಸಿಕೊಂಡು ಹಾಡಿರಿ. ನಾಲ್ಕೇ ಜನರಿದ್ದರೂ ಸಾಕು. ಹಾಡು ಮುಗಿಸಿ ಹೊರಗೆ ಬಂದಾಗ, ಬೀದಿಯಲ್ಲಿ ಯಾವ ಮನೆಯ ಒಲೆ ಹೊತ್ತಿಲ್ಲ, ಯಾವ ಮುದುಕಮ್ಮನನ್ನು ಮಾತಾಡಿಸಿ ವಾರವಾಯಿತು ಎಂದು ನೋಡಿರಿ. ಹಸಿದವರು ಧನ್ಯರೆಂದು ಪ್ರಭು ಹೇಳಿದ್ದು ಸಂಗೀತಗಾರರಿಗಷ್ಟೇ ಅಲ್ಲ, ತಟ್ಟೆಯಲ್ಲಿ ಮುದ್ದೆ ಉಳಿದಿರುವ ನಮಗೆಲ್ಲರಿಗೂ.

ಸಂತ ಸಿಸಿಲಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ.