ಮನಸ್ಸಿನ ಓದು

ಕಳೆದ ಬೇಸಿಗೆಯಲ್ಲಿ ಕುಪ್ಪೇಲೂರಿನ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಪಿ.ಯು.ಸಿ. ಮುಗಿಸಿದ್ದ ಹುಡುಗಿಗೆ ಬಿ.ಎ.ಯಲ್ಲಿ ಮನಶ್ಶಾಸ್ತ್ರವನ್ನೇ ಓದಬೇಕೆಂಬ ಹಟ. ತಂದೆಗೆ ಅದು ಸಮ್ಮತವಿಲ್ಲ. 'ಹುಚ್ಚರ ಓದು ನಮಗ್ಯಾಕ್ರೀ ಸರ? ನೀವರ ಒಂದ್ ಮಾತು ಹೇಳ್ರಿ' ಎಂದರು. ನಾನು ಕನ್ನಡದ ಮಾಸ್ತರ. ಈ ಶಾಸ್ತ್ರದ ಅಧಿಕಾರ ನನಗಿಲ್ಲ. ಆದರೂ ಅದು ನಮ್ಮ ನಾಡಿಗೆ ಬಂದ ಬಗೆಯನ್ನು ಅವರಿಗೆ ಹೇಳಿದೆ. ಅದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಆ ತಂದೆಯ ಅಂಜಿಕೆಗೂ ಒಂದು ಚರಿತ್ರೆಯುಂಟು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ನಮ್ಮ ಸೀಮೆಗೆ ಧಾರವಾಡವೇ ಜಿಲ್ಲಾ ಕೇಂದ್ರ. ಅಲ್ಲಿಗೆ ವಿಶ್ವವಿದ್ಯಾಲಯ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಹುಚ್ಚಾಸ್ಪತ್ರೆ ಬಂದದ್ದು ಅದಕ್ಕೂ ನೂರು ವರ್ಷ ಮೊದಲು, 1845ರಲ್ಲಿ. ಮನಸ್ಸಿನ ಮಾತೆತ್ತಿದೊಡನೆ ಜನರಿಗೆ ಗ್ರಂಥಕ್ಕಿಂತ ಮುಂಚೆ ಗೋಡೆ ನೆನಪಾದರೆ ಅಚ್ಚರಿಯಿಲ್ಲ.

ಶಾಸ್ತ್ರವಾಗಿ ಮನಸ್ಸಿನ ಓದು ಬಂದ ದಾರಿಯೇ ಬೇರೆ. ಕಲ್ಕತ್ತ ವಿಶ್ವವಿದ್ಯಾಲಯಕ್ಕಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ರೂಪಿಸಿದವರು ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲರು. 1916ರಲ್ಲಿ ಅಲ್ಲಿ ಪ್ರತ್ಯೇಕ ವಿಭಾಗವೇ ತೆರೆಯಿತು. ಅದೇ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿಯೇ, 1924ರಲ್ಲಿ, ಮೈಸೂರಿನಲ್ಲಿಯೂ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರು. ಬುದ್ಧಿಶಕ್ತಿಯನ್ನು ಅಳೆಯುವ ಪಾಶ್ಚಾತ್ಯ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗಿಸುವ ಕೆಲಸವನ್ನು ಅವರು ಕೈಗೊಂಡರು.

ಬಾನುಲಿ ಕೇಳುಗರಿಗೆ ಅವರು ಬೇರೆ ಕಾರಣಕ್ಕೂ ಪೂಜ್ಯರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದವರು ಇದೇ ಪ್ರಾಧ್ಯಾಪಕರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರು ಸ್ವಾತಂತ್ರ್ಯಾನಂತರ ಇಡೀ ದೇಶದ ಬಾನುಲಿಗೆ ಸಂದಿತು. ಮನಸ್ಸನ್ನು ಬಲ್ಲವರೊಬ್ಬರು ಮನೆಮನೆಗೆ ದನಿ ಮುಟ್ಟಿಸಲು ಹೊರಟದ್ದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಮುಂದಿನ ಅಧ್ಯಾಯ ಬೆಂಗಳೂರಿನದು. 1954ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ವೈದ್ಯರಲ್ಲದ ಮನಶ್ಶಾಸ್ತ್ರಜ್ಞರಿಗೂ ರೋಗಿಗಳ ಬಳಿ ಕುಳಿತು ಕಲಿಯುವ ಅವಕಾಶ ಅಲ್ಲಿ ದೊರೆಯಿತು. 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಯ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಮಾನಸಿಕ ಕಾಯಿಲೆಯನ್ನು ಗುರುತಿಸುವುದನ್ನು ಕಲಿಸಿದರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಸಾಹಿತ್ಯವೂ ಹಿಂದೆ ಬೀಳಲಿಲ್ಲ. 'ಕೊರವಂಜಿ'ಯ ರಾಶಿಯವರು, ಎಂದರೆ ಡಾ. ಎಂ. ಶಿವರಾಂ ಅವರು, 'ಮನ ಮಂಥನ'ವನ್ನು ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಗೋಡೆಯೊಳಗಿದ್ದ ವಿದ್ಯೆ ಹೀಗೆ ಹಳ್ಳಿಯ ಹಾದಿ ಹಿಡಿಯಿತು.

ತಂದೆ ಎಲ್ಲವನ್ನೂ ಕೇಳಿ, 'ಹೊಟ್ಟಿಗೆ ಏನ್ರೀ?' ಎಂದರು. ನ್ಯಾಯವಾದ ಪ್ರಶ್ನೆ. ಬಿ.ಎ. ಒಂದರಿಂದಲೇ ಯಾರೂ ಮನಶ್ಶಾಸ್ತ್ರಜ್ಞರಾಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಸ್ನಾತಕೋತ್ತರ ಪದವಿ ಬೇಕು. ರೋಗಿಗಳಿಗೆ ನೆರವಾಗುವ ವೃತ್ತಿಗಾದರೆ ಅದರ ಮೇಲೆ ಆಸ್ಪತ್ರೆಯ ತರಬೇತಿ ಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಔಷಧ ಬರೆಯುವವರು ಎಂ.ಬಿ.ಬಿ.ಎಸ್. ಮುಗಿಸಿ ಬಂದ ಮನೋವೈದ್ಯರು. ಇವರದು ಪರೀಕ್ಷಿಸುವ, ಕೇಳುವ, ಮಾತಿನಿಂದ ಬಿಡಿಸುವ ಕೆಲಸ. ಶಾಲೆಗಳಲ್ಲಿ ಆಪ್ತಸಲಹೆ, ಕಾರ್ಖಾನೆಗಳಲ್ಲಿ ಸಿಬ್ಬಂದಿಯ ಆಯ್ಕೆ, ಸೇನಾಧಿಕಾರಿಗಳ ಆಯ್ಕೆ ಮಂಡಳಿ, ಅಧ್ಯಾಪನ, ಹೀಗೆ ದಾರಿಗಳು ಹಲವು. ಆದರೆ ಯಾವುದೂ ಹತ್ತಿರದ ದಾರಿಯಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. ಹಕ್ಕು ಹಳ್ಳಿಗೆ ಮುಟ್ಟಬೇಕಾದರೆ ಕಲಿತವರು ಬೇಕಲ್ಲವೇ?

ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಆಗ ಬಾಯಿಬಿಟ್ಟಳು: 'ನಮ್ಮ ಅಜ್ಜಿ ಮೂರು ವರ್ಷ ಮಾತು ಬಿಟ್ಟು ಕುಂತಿದ್ದಳ್ರೀ ಸರ. ದೇವರ ಕಾಟ ಅಂದ್ರು, ತಾಯತ ಕಟ್ಟಿಸಿದ್ರು. ನಿನಗೇನಾಗೇತಿ ಅಂತ ಒಬ್ಬರೂ ಬಾಜೂ ಕುಂತು ಕೇಳಲಿಲ್ಲ.'

ತಂದೆ ತಲೆ ಎತ್ತಲಿಲ್ಲ. ಅಜ್ಜಿ ಎಂದರೆ ಅವರ ತಾಯಿ. ನಾನೂ ಮತ್ತೆ ಉಪದೇಶಕ್ಕೆ ಹೋಗಲಿಲ್ಲ.

ಕಾಲೇಜು ತೆರೆಯುವ ಹೊತ್ತಿಗೆ ಅವರೇ ಮಗಳನ್ನು ಧಾರವಾಡದ ಬಸ್ಸು ಹತ್ತಿಸಿದರೆಂದು ತಿಳಿಯಿತು.