ಕಿಡಿಯ ಕಥೆ: ಹಳೆಯ ಸ್ಪೋರ್ಟ್ಸ್ ಕಾರಿಗೆ ಯಾವ ಪ್ಲಗ್?



ಬಸವನ ಬಾಗೇವಾಡಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿದ್ದಾನೆ. ಅವನ ಪ್ರಶ್ನೆ ಹೀಗಿದೆ: "ಸರ, ಹಳೇ ಸ್ಯಾನ್ ಸ್ಟಾರ್ಮ್ ಗಾಡಿ ತಗೊಂಡೀನ್ರಿ. ಪ್ಲಗ್ ಬದಲಿಸಬೇಕು. ಒಬ್ಬೊಬ್ಬರು ಒಂದೊಂದು ಹೇಳ್ತಾರ. ಯಾವುದು ಹಾಕಲಿ?" ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರನ್ನು ಕಂಡವರು ನಮ್ಮಲ್ಲಿ ವಿರಳ. ಆದರೆ ಅವನ ಪ್ರಶ್ನೆಗೆ ಬೇಕಾದ ಉತ್ತರ ನಮ್ಮ ತಾಲ್ಲೂಕುಗಳ ಮೋಟಾರ್ ಸೈಕಲ್ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಇದ್ದೇ ಇತ್ತು. ಅದನ್ನು ಇತಿಹಾಸದ ದಾರಿಯಿಂದಲೇ ಹೇಳುತ್ತೇನೆ.

ಎಟಿಯೆನ್ ಲೆನ್ವಾ 1860ರಲ್ಲಿ ರೂಪಿಸಿದ ಅನಿಲ ಎಂಜಿನ್ನಿನಲ್ಲೇ ವಿದ್ಯುತ್ ಕಿಡಿಯ ಬಳಕೆಯಿತ್ತು. ಆದರೆ ವೇಗವಾಗಿ ತಿರುಗುವ ಪೆಟ್ರೋಲ್ ಎಂಜಿನ್ನಿಗೆ ಭರವಸೆಯ ಕಿಡಿ ದೊರೆತದ್ದು 1902ರಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ರಾಬರ್ಟ್ ಬಾಷ್ 1886ರಲ್ಲಿ ತೆರೆದಿದ್ದ ಕಾರ್ಯಾಗಾರದ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದರು. ಇಂಗ್ಲೆಂಡಿನಲ್ಲಿ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಅವರ ಮಕ್ಕಳು ಲಾಡ್ಜ್ ಪ್ಲಗ್ಗುಗಳ ತಯಾರಿಕೆಗಿಳಿದರು. ರೇಸ್ ಚಾಲಕ ಕೆನೆಲ್ಮ್ ಲೀ ಗಿನ್ನೆಸ್ ತಮ್ಮ ಹೆಸರಿನ ಮೊದಲಕ್ಷರಗಳಿಂದ ಕೆ.ಎಲ್.ಜಿ. ಎಂಬ ಪ್ಲಗ್ಗುಗಳನ್ನು ತಂದರು. ರೇಸಿನ ಎಂಜಿನ್ನಿನ ಉರಿಗೆ ಅಂದಿನ ಪಿಂಗಾಣಿ ಸೀಳಿಹೋಗುತ್ತಿತ್ತು. ಅದಕ್ಕಾಗಿ ಅವರು ಅಭ್ರಕದ ಪದರಗಳನ್ನು ನಿರೋಧಕವಾಗಿ ಬಳಸಿದರು.

ಆ ಕಾಲದಲ್ಲಿ ಜಗತ್ತಿನ ಹಾಳೆ ಅಭ್ರಕದ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದ ಕೊಡರ್ಮಾದಂತಹ ಗಣಿಗಳಿಂದ. ಕಲ್ಲು ನಮ್ಮದು, ಪ್ಲಗ್ ಪರದೇಶದ್ದು. 1930ರ ದಶಕದಲ್ಲಿ ಅಲ್ಯೂಮಿನಾ ಎಂಬ ಗಟ್ಟಿ ಸೆರಾಮಿಕ್ ಬಂದು ಅಭ್ರಕದ ಸ್ಥಾನವನ್ನು ತೆಗೆದುಕೊಂಡಿತು. ಇಂದಿನ ಪ್ಲಗ್ಗಿನ ಬಿಳಿಯ ಭಾಗ ಅದೇ.

ಸ್ವಾತಂತ್ರ್ಯಾನಂತರ, 1951ರಲ್ಲಿ, ಬಾಷ್ ಸಹಯೋಗದಿಂದ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಅದರ ಚಿಕ್ಕ ಹೆಸರೇ ಮೈಕೊ. ಮೈಕಾ ಎಂಬ ಅಭ್ರಕಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಆಡುಗೋಡಿಯ ಕಾರ್ಖಾನೆಯ ಹೆಸರಿನಲ್ಲಿ ಬಂದ ಪ್ಲಗ್ಗು, ಡೀಸೆಲ್ ಪಂಪುಗಳು ನಾಡಿನ ಮೂಲೆಮೂಲೆಗೂ ತಲುಪಿದವು. ನಮ್ಮ ಜನರ ಬಾಯಲ್ಲಿ ಪ್ಲಗ್ ಎಂದರೆ ಮೈಕೊ, ಮೈಕೊ ಎಂದರೆ ಪ್ಲಗ್ ಎಂಬಂತಾಯಿತು. ಹತ್ತು ವರ್ಷಗಳ ನಂತರ, 1961ರಲ್ಲಿ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಜಾವಾ, ಮುಂದೆ ಯೆಜ್ಡಿ ಎಂಬ ಹೆಸರಿನ ಆ ಮೋಟಾರ್ ಸೈಕಲ್ಲುಗಳು ನಮ್ಮ ಎರೆಭೂಮಿಯ ದಾರಿಗಳಿಗೂ ಬಂದವು. ಪ್ಲಗ್ ಆಯ್ಕೆಯ ಶಾಸ್ತ್ರವನ್ನು ನಮ್ಮ ಭಾಗದ ಜನ ಕಲಿತದ್ದು ಈ ಗಾಡಿಗಳ ಮೇಲೆ.

ಜಾವಾ ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿಯೇ ಓಡಿಸಬೇಕು. ಎಣ್ಣೆ ಹೆಚ್ಚಾದರೆ, ಗಾಡಿ ನಿಧಾನವಾಗಿಯೇ ಓಡುತ್ತಿದ್ದರೆ, ಪ್ಲಗ್ಗಿಗೆ ಕರಿ ಹಿಡಿದು ಕಿಡಿ ಸಾಯುತ್ತಿತ್ತು. ಸವಾರನ ಜೇಬಿನಲ್ಲೊಂದು ಹೆಚ್ಚುವರಿ ಪ್ಲಗ್, ಸೀಟಿನ ಕೆಳಗೊಂದು ಪ್ಲಗ್ ಪಾನಾ ಇದ್ದೇ ಇರಬೇಕು. ಸಿಂದಗಿಯ ವೃದ್ಧ ಮೇಸ್ತ್ರಿಯೊಬ್ಬರು ನನಗೆ ಒಮ್ಮೆ ಹೇಳಿದ ಮಾತು: "ಪ್ಲಗ್ ಬಿಚ್ಚಿ ನೋಡ್ರಿ ಸರ, ಇಂಜಿನ್ ಹೊಟ್ಟಿಯೊಳಗ ಏನೈತಿ ಅಂತ ಅದs ಹೇಳತೈತಿ." ವೈದ್ಯರು ನಾಲಿಗೆ ನೋಡುವಂತೆ ಅವರು ಪ್ಲಗ್ ನೋಡುತ್ತಿದ್ದರು. ಒಣ ಕರಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಜಿಡ್ಡು ಇದ್ದರೆ ಎಣ್ಣೆ ಮೇಲೇರಿದೆ. ಚಹಾದ ಬಣ್ಣವಿದ್ದರೆ ಆರೋಗ್ಯ. ಸುಣ್ಣದಂತೆ ಬಿಳಿಚಿ ತುದಿ ಕರಗಿದ್ದರೆ ಅಪಾಯ.

ನಮ್ಮ ಭಾಗಕ್ಕೇ ವಿಶೇಷವಾದ ಇನ್ನೊಂದು ಸಂಗತಿಯಿದೆ. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಗಾಳಿ ಶೋಧಕದಲ್ಲಿ ತುಂಬಿಕೊಂಡರೆ ಎಂಜಿನ್ನಿಗೆ ಉಸಿರಾಟ ಕಷ್ಟವಾಗಿ ಪ್ಲಗ್ಗಿಗೆ ಕರಿ ಹಿಡಿಯುತ್ತದೆ. ಅವಸರದವರು ಪ್ಲಗ್ ಬದಲಿಸುತ್ತಾರೆ. ತಿಳಿದವರು ಶೋಧಕವನ್ನು ಝಾಡಿಸುತ್ತಾರೆ.

ಈಗ ಶಾಸ್ತ್ರದ ಮುಖ್ಯ ಭಾಗಕ್ಕೆ ಬರೋಣ. ಪ್ಲಗ್ಗುಗಳಲ್ಲಿ 'ಹಾಟ್' ಮತ್ತು 'ಕೋಲ್ಡ್' ಎಂಬ ಭೇದವಿದೆ. ಇದು ಕಿಡಿಯ ಬಿಸಿಗೆ ಸಂಬಂಧಿಸಿದ್ದಲ್ಲ. ಪ್ಲಗ್ಗಿನ ತುದಿ ತನ್ನ ಶಾಖವನ್ನು ಎಷ್ಟು ಬೇಗ ಎಂಜಿನ್ನಿನ ತಲೆಗೆ ಒಪ್ಪಿಸುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಒಳಗಿನ ಸೆರಾಮಿಕ್ ಮೂತಿ ಉದ್ದವಾಗಿದ್ದರೆ ಶಾಖ ಸಾಗುವ ದಾರಿ ದೂರ, ತುದಿ ಬಿಸಿಯಾಗಿ ಉಳಿಯುತ್ತದೆ: ಅದು ಹಾಟ್ ಪ್ಲಗ್. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಇಳಿಯುತ್ತದೆ: ಅದು ಕೋಲ್ಡ್ ಪ್ಲಗ್. ತುದಿಯ ಉಷ್ಣತೆ ಸುಮಾರು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ. ಹೆಚ್ಚಾದರೆ ಕೆಂಡವಾದ ತುದಿಯೇ ಕಿಡಿಗಿಂತ ಮೊದಲು ಇಂಧನಕ್ಕೆ ಬೆಂಕಿ ಹಚ್ಚುತ್ತದೆ, ಪಿಸ್ಟನ್ನಿಗೆ ತೂತು ಬೀಳಬಹುದು.

"ನಮ್ಮ ಕಡೆ 42 ಡಿಗ್ರಿ ಬಿಸಿಲು, ಆದ್ದರಿಂದ ಕೋಲ್ಡ್ ಪ್ಲಗ್ಗೇ ಬೇಕು" ಎಂಬ ವಾದವನ್ನು ನಾನು ಬಹಳ ಸಲ ಕೇಳಿದ್ದೇನೆ. ಸಿಲಿಂಡರಿನ ಒಳಗಿನ ಜ್ವಾಲೆ 2000 ಡಿಗ್ರಿ ದಾಟುತ್ತದೆ. ಅದರ ಮುಂದೆ ಹೊರಗಿನ ಹತ್ತು ಡಿಗ್ರಿಯ ವ್ಯತ್ಯಾಸ ಎಷ್ಟರದು? ಪ್ಲಗ್ಗನ್ನು ನಿರ್ಧರಿಸುವುದು ಬಿಸಿಲಲ್ಲ. ಎಂಜಿನ್ನಿನ ರಚನೆ, ಅದರ ಮೇಲಿನ ಭಾರ, ಓಡಿಸುವ ರೀತಿ.

ಅಂಕಿಗಳ ಗೊಂದಲ ಇನ್ನೊಂದು. ಹಳೆಯ ಬಾಷ್ ಮತ್ತು ಮೈಕೊ ಪದ್ಧತಿಯಲ್ಲಿ 145, 175, 225 ಎಂದು ಅಂಕಿ ಏರಿದಂತೆ ಪ್ಲಗ್ ಕೋಲ್ಡ್ ಆಗುತ್ತಿತ್ತು. ಮುಂದೆ ಬಂದ ಬಾಷ್ ಪದ್ಧತಿಯಲ್ಲಿ ಇದು ತಲೆಕೆಳಗಾಯಿತು: 5ಕ್ಕಿಂತ 7 ಹಾಟ್, 7ಕ್ಕಿಂತ 8 ಇನ್ನೂ ಹಾಟ್. ಜಪಾನಿನ ಎನ್.ಜಿ.ಕೆ.ಯಲ್ಲಿ ಅಂಕಿ ಏರಿದಂತೆ ಕೋಲ್ಡ್; ಅಮೆರಿಕದ ಚಾಂಪಿಯನ್ನಿನಲ್ಲಿ ಅಂಕಿ ಏರಿದಂತೆ ಹಾಟ್. ಒಂದು ಕಂಪನಿಯ 7ರ ಬದಲು ಇನ್ನೊಂದರ 7 ಕೊಳ್ಳುವುದು, ಮಣಕ್ಕೂ ಕಿಲೋಗೂ ಒಂದೇ ದರ ಕಟ್ಟಿದಂತೆ. ಹೋಲಿಕೆಯ ಕೋಷ್ಟಕ ನೋಡದೆ ಬದಲಿಸಬಾರದು.

ಇನ್ನು ನನ್ನ ವಿದ್ಯಾರ್ಥಿಯ ಕಾರು. ಬೆಂಗಳೂರಿನ ಸ್ಯಾನ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಿಸಲಾರಂಭಿಸಿದ, ಇಬ್ಬರು ಕೂರುವ, ಫೈಬರ್‌ಗ್ಲಾಸ್ ಮೈಯ ಪುಟ್ಟ ಗಾಡಿಯದು. ಈಗ ತಯಾರಿಕೆ ನಿಂತಿದೆ. ಅದರ ಎಂಜಿನ್ ಫ್ರಾನ್ಸಿನ ರೆನೊ ಕಂಪನಿಯ 1149 ಸಿ.ಸಿ.ಯದು. ಆದ್ದರಿಂದ ಮೊದಲ ಪಾಠ: ಪ್ಲಗ್ಗನ್ನು ಕಾರಿನ ಅಂದ ನೋಡಿ ಆರಿಸಬೇಡ, ಎಂಜಿನ್ನಿನ ಕುಲ ನೋಡಿ ಆರಿಸು. ತಯಾರಕರ ಕೈಪಿಡಿಯಲ್ಲಿ ಆ ಎಂಜಿನ್ನಿಗೆ ಹೇಳಿದ ಪ್ಲಗ್ಗೇ ಆರಂಭದ ಬಿಂದು.

ಎರಡನೆಯದು ಉದ್ದ. ಪ್ಲಗ್ಗಿನ ಥ್ರೆಡ್ ಉದ್ದದಲ್ಲಿ 12.7 ಮಿ.ಮೀ., 19 ಮಿ.ಮೀ. ಎಂಬ ಅಳತೆಗಳು ಸಾಮಾನ್ಯ. ಹೆಚ್ಚು ಉದ್ದವಾದರೆ ಪಿಸ್ಟನ್ನಿಗೆ ತಾಗಬಹುದು. ಗಿಡ್ಡವಾದರೆ ಉಳಿದ ಥ್ರೆಡ್ಡಿನಲ್ಲಿ ಕರಿ ತುಂಬಿಕೊಳ್ಳುತ್ತದೆ. ಮೂರನೆಯದು ಗ್ಯಾಪ್. ಪಾಯಿಂಟ್ ಇರುವ ಹಳೆಯ ಗಾಡಿಗಳಿಗೆ ಸಾಮಾನ್ಯವಾಗಿ 0.6 ಅಥವಾ 0.7 ಮಿ.ಮೀ. ಅಂತರ. ಎಲೆಕ್ಟ್ರಾನಿಕ್ ಕಿಡಿಯ ಗಾಡಿಗಳಲ್ಲಿ ಇನ್ನೂ ಹೆಚ್ಚಿರಬಹುದು. ಹೊಸ ಪ್ಲಗ್ ಆದರೂ ಗೇಜಿನಿಂದ ಅಳೆದೇ ಹಾಕಬೇಕು. ಇರಿಡಿಯಮ್, ಪ್ಲಾಟಿನಮ್ ತುದಿಯ ಪ್ಲಗ್ಗುಗಳು ಬಾಳಿಕೆ ಬರುತ್ತವೆ, ನಿಜ. ಆದರೆ ಸೋತ ಕಾಯಿಲ್ಲನ್ನು, ಸವೆದ ಪಿಸ್ಟನ್ ರಿಂಗನ್ನು ಅವು ಗುಣಪಡಿಸಲಾರವು.

ನಾಲ್ಕನೆಯದು ಇಂಧನ. ದೇಶದಾದ್ಯಂತ 2000ದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. ಆಗಿನ ಚಹಾದ ಬಣ್ಣ ಈಗ ಅಷ್ಟು ಗಾಢವಾಗಿ ಮೂಡುವುದಿಲ್ಲ, ತುಸು ಬಿಳುಪಾಗಿ ಕಂಡರೆ ಗಾಬರಿ ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ನಮ್ಮ ಇಂಡಿ, ಸಿಂದಗಿಯ ಹೊಲಗಳಲ್ಲಿ ಬೆಳೆಯುವ ಕಬ್ಬು ಅದರ ಮೂಲಗಳಲ್ಲೊಂದು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಮಿಶ್ರಣ ತೆಳುವಾಗಿ ತುದಿಯ ಬಿಸಿ ಏರಬಹುದು. ಆಗ ಸರಿಪಡಿಸಬೇಕಾದದ್ದು ಮೊದಲು ಮಿಶ್ರಣವನ್ನು, ಅನಂತರ ಪ್ಲಗ್ಗನ್ನು.

ಕೈಪಿಡಿಯೇ ಸಿಗದೆ ಎರಡು ಪ್ಲಗ್ಗುಗಳ ನಡುವೆ ಸಂಶಯ ಉಳಿದರೆ, ಒಂದು ಮೆಟ್ಟಿಲು ಕೋಲ್ಡ್ ಕಡೆಗೆ ಇರುವುದು ಲೇಸು. ಕೆಲವು ದಿನ ಓಡಿಸಿ, ಬಿಚ್ಚಿ, ಬಣ್ಣ ನೋಡಬೇಕು. ಕೋಲ್ಡ್ ಪ್ಲಗ್ ತಪ್ಪಿದರೆ ಮಸಿ. ಹಾಟ್ ಪ್ಲಗ್ ತಪ್ಪಿದರೆ ತೂತು. ಮಸಿಯನ್ನು ಒರೆಸಬಹುದು, ತೂತನ್ನು ಒರೆಸಲಾಗದು.

ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೊಂದು ಕಂಪನಿಯ ಗಾಡಿಗಳ ಮೇಲೆ ಮರಳಿದವು. ಮೈಕೊ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಆಡುಗೋಡಿಯ ಆವರಣ 2022ರಲ್ಲಿ ತಂತ್ರಜ್ಞಾನ ಕೇಂದ್ರವಾಗಿ 'ಸ್ಪಾರ್ಕ್' ಎಂಬ ಪದವನ್ನೇ ತನ್ನ ಹೊಸ ಹೆಸರಿನಲ್ಲಿ ಹೊತ್ತುಕೊಂಡಿತು. ಬ್ಯಾಟರಿ ವಾಹನಗಳಿಗಂತೂ ಪ್ಲಗ್ಗೇ ಬೇಕಿಲ್ಲ. ಹೆಸರುಗಳು ಹೀಗೆ ಬದಲಾಗುತ್ತ ಉಳಿಯುತ್ತವೆ. ಆದರೆ ಪ್ಲಗ್ಗಿನ ಬಣ್ಣ ಓದಬಲ್ಲ ಮೇಸ್ತ್ರಿಗಳ ವಿದ್ಯೆ ಯಾವ ಕೈಪಿಡಿಯಲ್ಲೂ ಪೂರ್ತಿಯಾಗಿ ಬರೆದಿಟ್ಟಿಲ್ಲ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಅಂಥವರು ಇನ್ನೂ ಇದ್ದರೆ, ಹಳೆಯ ಪ್ಲಗ್ಗೊಂದನ್ನು ಹಿಡಿದು ಹೋಗಿ, ಎದುರಿಗೆ ಕುಳಿತು ಕೇಳಿರಿ. ಅವರು ಹೇಳಿದ್ದನ್ನು ಬರೆದಿಡಿರಿ.